ಗಿರಿನಾಮ ವಿಚಾರ: ಚಂದ್ರದ್ರೋಣದಿಂದ ಹಿಮಖಂಡದವರೆಗೆ

ಜಗತ್ತು ನಾಮರೂಪಾತ್ಮಕವೆಂಬುದು ನಮ್ಮ ದರ್ಶನಕಾರರ ಮಾತು. ರೂಪವನ್ನು ಕಣ್ಣು ಹಿಡಿಯುತ್ತದೆ, ನಾಮವನ್ನು ನಾಲಗೆ ಹಿಡಿಯುತ್ತದೆ. ಕಣ್ಣಿಗೆ ಕಂಡ ಬೆಟ್ಟವು ನಾಲಗೆಯ ಮೇಲೆ ಹೆಸರಾಗಿ ನಿಂತ ಮೇಲೆಯೇ ಅದನ್ನು ಮತ್ತೊಬ್ಬರಿಗೆ ತೋರಿಸಲು, ಅದರ ದಾರಿಯನ್ನು ಹೇಳಲು, ಅದರ ವಿಷಯವಾಗಿ ಬರೆಯಲು ಸಾಧ್ಯವಾಗುತ್ತದೆ. ನಮ್ಮ ವಿದ್ಯಾರ್ಥಿಗಳು ಎವರೆಸ್ಟ್ ಶಿಖರದ ಎತ್ತರವನ್ನು ತಡವರಿಸದೆ ಹೇಳುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಭದ್ರಾವತಿಯ ಕುಲುಮೆಗೆ ದಶಕಗಳ ಕಾಲ ಅದಿರನ್ನು ಒದಗಿಸಿದ, ಭದ್ರಾನದಿಗೆ ಇಂದಿಗೂ ನೀರನ್ನು ಕೂಡಿಸುತ್ತಿರುವ ಚಂದ್ರದ್ರೋಣ ಪರ್ವತಶ್ರೇಣಿಗೆ ಆ ಹೆಸರು ಏಕೆ ಬಂದಿತೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಈ ಶ್ರೇಣಿಯ ಸ್ವರೂಪವನ್ನೂ ಅದರ ಹೆಸರುಗಳನ್ನೂ ಸ್ಥೂಲವಾಗಿ ಪರಿಚಯಿಸಿ, ಮನುಷ್ಯವಸತಿಯೇ ಇಲ್ಲದ ದಕ್ಷಿಣಧ್ರುವ ಪ್ರದೇಶದ ಪರ್ವತಗಳಿಗೆ ಹೆಸರು ಬಂದ ಬಗೆಯೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಶ್ರೇಣಿಯ ಸ್ವರೂಪ

ಚಂದ್ರದ್ರೋಣವು ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಇದು ಸಹ್ಯಾದ್ರಿಯ ಮುಖ್ಯ ಸಾಲಿನ ಮೇಲಿರದೆ, ಅದರಿಂದ ಪೂರ್ವಕ್ಕೆ ಸರಿದು ತಾನೇ ಒಂದು ಮಂಡಲದಂತೆ ನಿಂತಿದೆ. ಮೇಲಿನಿಂದ ನೋಡಿದರೆ ಕುದುರೆಯ ಲಾಳದ ಆಕೃತಿ. ಲಾಳದ ಬಾಯಿ ವಾಯವ್ಯಕ್ಕೆ ತೆರೆದಿದೆ. ಒಳಗಿನ ತಗ್ಗು ಜಾಗರ ಕಣಿವೆ. ಲಾಳದ ಅಂಚಿನಲ್ಲಿ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ದೇವೀರಮ್ಮನ ಬೆಟ್ಟ, ಕೆಮ್ಮಣ್ಣುಗುಂಡಿ, ಕಲ್ಹತ್ತಿಗಿರಿ ಮೊದಲಾದ ಶಿಖರಗಳೂ ನೆಲೆಗಳೂ ಇವೆ. ಇವುಗಳಲ್ಲಿ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ೧೯೩೦ ಮೀಟರ್ ಎತ್ತರವಾಗಿದ್ದು ಕರ್ನಾಟಕದ ಅತ್ಯುನ್ನತ ಶಿಖರವೆನಿಸಿದೆ.

ಈ ಶ್ರೇಣಿಯ ಮೇಲೆ ಬಿದ್ದ ಮಳೆನೀರಿನ ದಾರಿಯನ್ನು ಅನುಸರಿಸಿದರೆ ಒಂದು ಸೋಜಿಗ ತಿಳಿಯುತ್ತದೆ. ಒಳಮೈಯ ನೀರು ಜಾಗರ ಕಣಿವೆಯ ಹಳ್ಳಗಳಲ್ಲಿಯೂ ಸೋಮವಾಹಿನಿಯಲ್ಲಿಯೂ ಹರಿದು ಭದ್ರೆಯನ್ನು ಸೇರುತ್ತದೆ. ಪೂರ್ವದ ಇಳಿಜಾರಿನ ನೀರು ವೇದಾ, ಅವತಿ ಎಂಬ ಎರಡು ಹೊಳೆಗಳಾಗಿ ಇಳಿದು, ಕೂಡಿ ವೇದಾವತಿಯೆನಿಸಿ, ಹಿರಿಯೂರಿನ ಬಳಿ ಮಾರಿಕಣಿವೆಯ ಜಲಾಶಯವನ್ನು ತುಂಬಿ ಮುಂದೆ ಸಾಗುತ್ತದೆ. ದಕ್ಷಿಣದ ಕಡೆಗೆ ಹರಿದ ನೀರು ಯಗಚಿಯಾಗಿ ಬೇಲೂರಿನ ಪಕ್ಕದಲ್ಲಿ ಹಾದು ಹೇಮಾವತಿಯನ್ನು ಕೂಡಿ ಕಾವೇರಿಯ ಪಾಲಾಗುತ್ತದೆ. ಭದ್ರೆಯು ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾದರೆ, ಬೇರೆ ದಾರಿ ಹಿಡಿದ ವೇದಾವತಿಯೂ ಬಹುದೂರ ಸುತ್ತಿ ಕಡೆಗೆ ಅದೇ ತುಂಗಭದ್ರೆಯನ್ನು ಸೇರುತ್ತದೆ. ಒಂದೇ ಬೆಟ್ಟದ ನೆತ್ತಿಯ ಮೇಲೆ ಬೇರ್ಪಟ್ಟ ಹನಿಗಳಲ್ಲಿ ಕೆಲವು ಮರಳಿ ಕೂಡುತ್ತವೆ, ಕೆಲವು ಕೂಡುವುದೇ ಇಲ್ಲ. ಕೃಷ್ಣೆಯ ಸೀಮೆಗೂ ಕಾವೇರಿಯ ಸೀಮೆಗೂ ಈ ಶ್ರೇಣಿಯು ಹೀಗೆ ಗಡಿಗಲ್ಲಾಗಿದೆ.

ವಯಸ್ಸಿನಲ್ಲಿ ಇದು ಹಿಮಾಲಯಕ್ಕಿಂತ ಎಷ್ಟೋ ಹಿರಿದು. ಇಲ್ಲಿನ ಕಬ್ಬಿಣದ ಪಟ್ಟೆಶಿಲೆಗಳು ೨೫೦ ಕೋಟಿ ವರ್ಷಗಳಿಗೂ ಹಿಂದಿನವೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಪ್ರಾಚೀನ ಸಮುದ್ರಗಳ ತಳದಲ್ಲಿ ಕಬ್ಬಿಣವೂ ಸಿಲಿಕವೂ ಪದರಪದರವಾಗಿ ಕುಳಿತು, ಒತ್ತಡದಿಂದ ಕಲ್ಲಾಗಿ, ಭೂಮಿಯ ಚಲನೆಯಿಂದ ಮಡಿಸಿ ಮೇಲೆದ್ದುದರ ಫಲ ಇದು. ಸುತ್ತಲಿನ ಮೃದುವಾದ ಕಲ್ಲು ಸವೆದುಹೋಗಿ, ಗಟ್ಟಿಯಾದ ಪಟ್ಟೆಶಿಲೆಯು ಸವೆಯದೆ ನಿಂತು ಲಾಳದ ಅಂಚಾಯಿತು.

ಹೆಸರುಗಳ ವಿವೇಚನೆ

'ಚಂದ್ರದ್ರೋಣ' ಶಬ್ದವನ್ನು ಬಿಡಿಸಿದರೆ ನೆಲದ ನಕ್ಷೆಯೇ ತೆರೆದುಕೊಳ್ಳುತ್ತದೆ. ಸಂಸ್ಕೃತದಲ್ಲಿ 'ದ್ರೋಣ'ವೆಂದರೆ ಮರದ ದೋಣಿಯಂತಹ ಪಾತ್ರೆ, ಕೊಳಗದಂತಹ ಅಳತೆ. 'ದ್ರೋಣೀ' ಎಂದರೆ ದೋಣಿ, ಬೆಟ್ಟಗಳ ನಡುವಣ ಕಣಿವೆ. ಬಾಲಚಂದ್ರನ ಆಕೃತಿಯಲ್ಲಿ ಬಾಗಿದ, ನಡುವೆ ದೋಣಿಯಂತೆ ತಗ್ಗಾದ ಪರ್ವತಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ಆಂಜನೇಯನು ಸಂಜೀವಿನಿಯೊಡನೆ ಹೊತ್ತು ತಂದ ದ್ರೋಣಗಿರಿಯ ಒಂದು ತುಣುಕು ಇಲ್ಲಿ ಬಿದ್ದಿತೆಂದು ಜನರು ಹೇಳುವುದೂ ಉಂಟು. ಕಥೆಯನ್ನು ಕಥೆಯಾಗಿ ಗೌರವಿಸೋಣ. ವಿಮಾನವಾಗಲಿ ಭೂಪಟವಾಗಲಿ ಇಲ್ಲದ ಕಾಲದಲ್ಲಿ ಇಡೀ ಶ್ರೇಣಿಯ ಬಾಗನ್ನು ಮನಸ್ಸಿನಲ್ಲಿ ಕಂಡು ಹೆಸರಿಟ್ಟವರ ದೃಷ್ಟಿಗೂ ನಮಸ್ಕರಿಸೋಣ.

ಶ್ರೇಣಿಯ ಹೆಸರು ಪಂಡಿತರದಾದರೆ ಶಿಖರಗಳ ಹೆಸರು ಹತ್ತಿಳಿದವರದು. ಮುಳ್ಳಯ್ಯ, ಸೀತಾಳಯ್ಯ, ದೇವೀರಮ್ಮ ಎಂಬಲ್ಲಿನ 'ಅಯ್ಯ', 'ಅಮ್ಮ' ಎಂಬ ಪದಗಳನ್ನು ಗಮನಿಸಬೇಕು. ಇವು ಮನೆಯ ಹಿರಿಯರನ್ನು ಕರೆಯುವ ಮಾತುಗಳು. ಬೆಟ್ಟದ ಮೇಲೆ ತಪಸ್ಸು ಮಾಡಿದನೆಂದು ನಂಬಲಾದ ಮುಳ್ಳಪ್ಪಸ್ವಾಮಿಯ ಸನ್ನಿಧಿ ಶಿಖರದ ನೆತ್ತಿಯಲ್ಲಿಯೇ ಇದೆ. ದೀಪಾವಳಿಯ ಸಮಯದಲ್ಲಿ ಸಹಸ್ರಾರು ಜನರು ದೇವೀರಮ್ಮನ ಬೆಟ್ಟವನ್ನು ಏರುತ್ತಾರೆ. ಅಲ್ಲಿ ಬೆಟ್ಟವೂ ದೇವತೆಯೂ ಎರಡಲ್ಲ. ಹೆಸರು ಹೇಳಿದರೆ ಎರಡನ್ನೂ ಹೇಳಿದಂತೆ.

ವ್ಯಾಕರಣದ ದೃಷ್ಟಿಯಿಂದಲೂ ಈ ಹೆಸರುಗಳು ವಿಚಾರಯೋಗ್ಯವಾಗಿವೆ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕೂಡಿಸಿ ಸಮಾಸ ಮಾಡಿದರೆ ಅದು ಅರಿಸಮಾಸವೆಂದು ನಮ್ಮ ಲಾಕ್ಷಣಿಕರು ನಿಷೇಧಿಸಿದರು. ಹಾಗಾದರೆ 'ಮುಳ್ಳಯ್ಯನಗಿರಿ' ದೋಷವೇ? ಅಲ್ಲ. 'ಮುಳ್ಳಯ್ಯನ' ಎಂಬಲ್ಲಿ ಷಷ್ಠೀವಿಭಕ್ತಿ ಲೋಪವಾಗದೆ ಉಳಿದಿರುವುದರಿಂದ ಇದು ಸಮಾಸವೇ ಅಲ್ಲವೆಂದು ಹೇಳಿ ಪಾರಾಗಬಹುದು. ಆದರೆ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಯ ವಿಷಯದಲ್ಲಿ ಹಾಗೆ ಪಾರಾಗುವಂತಿಲ್ಲ. ಸಂಸ್ಕೃತದ 'ಕುಟಜ'ವು ಕನ್ನಡದ ಕೊಡಸಿಗೆ ಗಿಡ. 'ಕುಟಜಾದ್ರಿ'ಯೆಂದರೆ ಆ ಗಿಡಗಳ ಬೆಟ್ಟ. ಜನರು 'ಕುಟಜ'ವನ್ನು 'ಕೊಡಚ'ವಾಗಿಸಿ, 'ಅದ್ರಿ'ಯನ್ನು ಹಾಗೆಯೇ ಉಳಿಸಿಕೊಂಡು, ನಡುವೆ ಸವರ್ಣದೀರ್ಘ ಸಂಧಿಯನ್ನೂ ಮಾಡಿಬಿಟ್ಟರು. ಕುದುರೆಮುಖದಲ್ಲಿ ಅಚ್ಚಗನ್ನಡದ ಕುದುರೆಗೆ ಸಂಸ್ಕೃತದ ಮುಖ ಕೂಡಿತು. ಸೂತ್ರವು ಬೇಡವೆಂದರೂ ಬೆಟ್ಟಗಳು ಕೇಳಲಿಲ್ಲ. ಶಾಸ್ತ್ರವು ಪ್ರಯೋಗವನ್ನು ಅನುಸರಿಸಿ ನಡೆಯತಕ್ಕದ್ದೆಂಬುದಕ್ಕೆ ಇವು ಸಾಕ್ಷಿಗಳು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಹೆಸರಿನ ಬರಹವನ್ನು ಮಾತ್ರ ನೋಡಿ ಅರ್ಥ ಹೇಳಹೊರಟರೆ ದಾರಿ ತಪ್ಪುವ ಸಂಭವವಿದೆ. 'ಕಲ್ಹತ್ತಿ' ಎಂದು ಬರೆದರೆ ಕಲ್ಲು ಹತ್ತುವುದು ನೆನಪಿಗೆ ಬರುತ್ತದೆ. 'ಕಲ್ಲತ್ತಿ' ಎಂದು ಬರೆದರೆ ಅತ್ತಿಯ ಮರ ನೆನಪಿಗೆ ಬರುತ್ತದೆ. ಎರಡು ಬರಹಗಳೂ ರೂಢಿಯಲ್ಲಿವೆ. ಶಿವಮೊಗ್ಗವನ್ನೇ ತೆಗೆದುಕೊಂಡರೆ, 'ಶಿವಮುಖ'ದಿಂದ ಬಂದಿತೆಂದು ಕೆಲವರೂ, 'ಸಿಹಿಮೊಗೆ'ಯಿಂದ, ಎಂದರೆ ಸಿಹಿಯ ಗಡಿಗೆಯಿಂದ, ಬಂದಿತೆಂದು ಕೆಲವರೂ ಹೇಳುತ್ತಾರೆ. ಶಾಸನ, ಉಚ್ಚಾರಣೆ, ನೆಲದ ಲಕ್ಷಣ, ಜನರ ನಂಬಿಕೆ ಈ ನಾಲ್ಕನ್ನೂ ಕೂಡಿಸಿ ನೋಡುವವನಿಗೆ ಮಾತ್ರ ಸ್ಥಳನಾಮವು ತನ್ನ ಅರ್ಥವನ್ನು ಬಿಟ್ಟುಕೊಡುತ್ತದೆ. ಕನ್ನಡದಲ್ಲಿ ಶಂಬಾ ಜೋಶಿಯವರಂತಹ ಹಿರಿಯರು ಎಡೆಗಳ ಹೆಸರುಗಳಿಂದಲೇ ನಾಡಿನ ಚರಿತ್ರೆಯನ್ನು ಅರಸಿದರು.

ಕೆಮ್ಮಣ್ಣಿನಿಂದ ಕುಲುಮೆಗೆ

ಸಂಶಯಕ್ಕೆ ಎಡೆಯಿಲ್ಲದ ಹೆಸರೊಂದಿದ್ದರೆ ಅದು ಕೆಮ್ಮಣ್ಣುಗುಂಡಿ. ಕೆಂಪಾದ ಮಣ್ಣು ಕೆಮ್ಮಣ್ಣು. ಕೆಂದಾವರೆ, ಕೆಮ್ಮುಗಿಲುಗಳಂತೆ ಇದೂ ಕರ್ಮಧಾರಯ. ಕೆಮ್ಮಣ್ಣಿನ ಗುಂಡಿ ತತ್ಪುರುಷ. ಭೂವಿಜ್ಞಾನಿಯು ಉಪಕರಣ ಹಿಡಿದು ಬರುವುದಕ್ಕೆ ಮುಂಚೆಯೇ ಹಳ್ಳಿಗರು ಮಣ್ಣಿನ ಬಣ್ಣವನ್ನು ನೋಡಿ, ಕಬ್ಬಿಣವಿರುವ ಸ್ಥಳವನ್ನು ಹೆಸರಿನಲ್ಲಿಯೇ ಗುರುತಿಸಿಟ್ಟಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಚಿಂತನೆಯ ಫಲವಾಗಿ ಭದ್ರಾವತಿಯಲ್ಲಿ ರೂಪುಗೊಂಡು ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಈ ಗುಂಡಿಯ ಅದಿರೇ ಆಧಾರ. ಬೆಟ್ಟದ ಮೇಲಿನಿಂದ ಅದಿರು ತಂತಿಯ ಹಗ್ಗದ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಹಳಿಯ ಮೇಲೆ ಭದ್ರಾವತಿಗೆ ಬರುತ್ತಿತ್ತು. ಮಲೆನಾಡಿನ ಕಾಡಿನ ಇದ್ದಲು ಅದನ್ನು ಕರಗಿಸುತ್ತಿತ್ತು. ಆ ಗಣಿಗಾರಿಕೆ ಈಗಿಲ್ಲ; ಹೆಸರು ಮಾತ್ರ ಹಾಗೆಯೇ ಇದೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿಪುರವೆಂಬ ರೂಪವೂ ಉಂಟು. ನದಿಯ ಹೆಸರಿಗೆ ಮತ್ವರ್ಥದ ಪ್ರತ್ಯಯ ಸೇರಿ 'ಭದ್ರೆಯನ್ನುಳ್ಳದ್ದು' ಎಂಬರ್ಥದಲ್ಲಿ ಭದ್ರಾವತಿಯಾಯಿತು. ಊರಿನ ಹೆಸರಿನಲ್ಲಿದ್ದ ಬೆಂಕಿ ಹೆಸರಿನಿಂದ ಹೊರಟು ಕುಲುಮೆಯಲ್ಲಿ ನೆಲಸಿತೆಂದು ವಿನೋದವಾಗಿ ಹೇಳಬಹುದು. ಕಾರ್ಖಾನೆಯೂ ಹೆಸರನ್ನು ಬದಲಿಸುತ್ತ ಬಂದಿತು: ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯೆನಿಸಿ, ೧೯೭೦ರ ದಶಕದಲ್ಲಿ ವಿಶ್ವೇಶ್ವರಯ್ಯನವರ ನಾಮಧೇಯವನ್ನು ಧರಿಸಿ, ೧೯೮೯ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತಕ್ಕೆ ಸೇರಿತು. ೨೦೧೪ರ ನವೆಂಬರ್ ೧ರಂದು 'ಶಿಮೊಗಾ' ಎಂಬ ಆಂಗ್ಲ ಬರಹವು ಅಧಿಕೃತವಾಗಿ 'ಶಿವಮೊಗ್ಗ'ವಾಯಿತು. ಕನ್ನಡಿಗರ ನಾಲಗೆಯಲ್ಲಿ ಎಂದೂ ಬದಲಾಗದಿದ್ದ ಹೆಸರು ಅಂದು ಕಾಗದದ ಮೇಲೆ ಸರಿಹೋಯಿತು, ಅಷ್ಟೆ.

ಜನರಿಲ್ಲದ ನೆಲದ ಹೆಸರುಗಳು

ಈಗ ಭೂಮಿಯ ತುತ್ತತುದಿಗೆ ಹೋಗೋಣ. ಅಂಟಾರ್ಕ್ಟಿಕ ಖಂಡದಲ್ಲಿ ಆದಿವಾಸಿಗಳಿಲ್ಲ. ಅಲ್ಲಿ ಹುಟ್ಟಿ ಬೆಳೆದ ಭಾಷೆಯಿಲ್ಲ. ಬೆಟ್ಟವನ್ನು ಅಯ್ಯಾ ಎಂದು ಕರೆಯುವ ಬಾಯಿಯಿಲ್ಲ. ಅಲ್ಲಿನ ಹೆಸರುಗಳೆಲ್ಲ ಹೊರಗಿನಿಂದ ಬಂದವರು ಇಟ್ಟವು. ೧೯೩೮-೩೯ರ ಜರ್ಮನ್ ಯಾತ್ರೆಯವರು ವಿಮಾನದಿಂದ ಕಂಡ ಒಂದು ಪರ್ವತಸಮೂಹಕ್ಕೆ, ಯಾತ್ರೆಯ ಆಡಳಿತ ಮತ್ತು ಹಣಕಾಸಿನ ವ್ಯವಸ್ಥೆಯನ್ನು ನೋಡಿಕೊಂಡ ಅಧಿಕಾರಿ ವೋಲ್ಟಾಟ್ ಅವರ ಹೆಸರನ್ನಿಟ್ಟರು. ಅದರ ಉತ್ತರಕ್ಕಿರುವ ಬರಿಯ ಬಂಡೆಯ ಪ್ರದೇಶಕ್ಕೆ ವಿಮಾನಚಾಲಕ ಶಿರ್ಮಾಕರ್ ಅವರ ಹೆಸರು ಬಂದಿತು. ಖಂಡದ ಅತ್ಯುನ್ನತ ಶಿಖರವು ೪೮೯೨ ಮೀಟರ್ ಎತ್ತರದ ವಿನ್ಸನ್. ಧ್ರುವ ಸಂಶೋಧನೆಗೆ ಬೆಂಬಲ ನೀಡಿದ ಅಮೆರಿಕದ ಶಾಸನಸಭೆಯ ಸದಸ್ಯರೊಬ್ಬರ ಹೆಸರದು.

ಇವೆಲ್ಲಕ್ಕಿಂತ ವಿಚಿತ್ರವಾದುದು ಗಾಂಬುರ್ತ್ಸೆವ್ ಪರ್ವತಶ್ರೇಣಿ. ಸುಮಾರು ೧೨೦೦ ಕಿಲೋಮೀಟರ್ ಉದ್ದದ ಈ ಶ್ರೇಣಿಯು ಪೂರ್ಣವಾಗಿ ಹಿಮದ ಕೆಳಗೆ ಹೂತುಹೋಗಿದೆ. ಯಾವ ಮನುಷ್ಯನೂ ಇದನ್ನು ಕಣ್ಣಿನಿಂದ ಕಂಡಿಲ್ಲ. ೧೯೫೮ರಲ್ಲಿ ಸೋವಿಯತ್ ಯಾತ್ರಿಕರು ಹಿಮದ ಮೇಲೆ ಸ್ಫೋಟಗಳನ್ನು ಮಾಡಿ, ತಳದ ಕಲ್ಲಿನಿಂದ ಮರಳಿ ಬಂದ ಕಂಪನಗಳನ್ನು ಅಳೆದು ಇದರ ಇರವನ್ನು ಕಂಡುಹಿಡಿದರು. ಭೂಭೌತವಿಜ್ಞಾನಿ ಗ್ರಿಗೋರಿ ಗಾಂಬುರ್ತ್ಸೆವ್ ಅವರ ಹೆಸರನ್ನು ಕೊಟ್ಟರು. ಆ ವೇಳೆಗೆ, ೧೯೫೫ರಲ್ಲಿಯೇ, ಅವರು ದಿವಂಗತರಾಗಿದ್ದರು. ಹೆಸರು ಪಡೆದ ಪರ್ವತವು ಕಣ್ಣಿಗೆ ಕಾಣದು. ಹೆಸರು ಕೊಟ್ಟ ವ್ಯಕ್ತಿಯು ಪರ್ವತದ ಸುದ್ದಿಯನ್ನೇ ಕೇಳಲಿಲ್ಲ.

ನಮ್ಮ ದೇಶವೂ ಅಲ್ಲಿ ಹೆಸರುಗಳನ್ನಿಟ್ಟಿದೆ. ಡಾ. ಎಸ್. ಝಡ್. ಖಾಸಿಂ ಅವರ ನಾಯಕತ್ವದಲ್ಲಿ ೧೯೮೧ರ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟ ಮೊದಲ ಭಾರತೀಯ ಯಾತ್ರೆಯು ೧೯೮೨ರ ಜನವರಿಯಲ್ಲಿ ಹಿಮಖಂಡವನ್ನು ಮುಟ್ಟಿತು. ಅನಂತರ ಹಿಮದ ಮೇಲೆ ಕಟ್ಟಿದ ನೆಲೆಗೆ 'ದಕ್ಷಿಣ ಗಂಗೋತ್ರಿ'ಯೆಂದು ಹೆಸರಾಯಿತು. ಆ ನೆಲೆಯು ಹಿಮದಲ್ಲಿ ಹೂತುಹೋಗುತ್ತ ಬಂದುದರಿಂದ ಅದನ್ನು ಬಿಡಬೇಕಾಯಿತು. ಶಿರ್ಮಾಕರ್ ಪ್ರದೇಶದ ಬಂಡೆಯ ಮೇಲೆ ೧೯೮೯ರಲ್ಲಿ 'ಮೈತ್ರಿ', ಲಾರ್ಸ್‌ಮನ್ ಬೆಟ್ಟಗಳಲ್ಲಿ ೨೦೧೨ರಲ್ಲಿ 'ಭಾರತಿ' ಸಿದ್ಧವಾದವು. ದೂರದ ನೆಲಕ್ಕೆ ಹೋದವನು ತನ್ನ ಊರಿನ ನದಿಯ ಹೆಸರನ್ನು ಕೊಂಡೊಯ್ಯುವುದು ಸಹಜ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ವರಾಹ ಪರ್ವತದ ಎಡೆಯನ್ನು ನಮ್ಮ ಪೂರ್ವಿಕರು 'ಗಂಗಾಮೂಲ'ವೆಂದು ಕರೆದುದೂ ಇಂತಹ ಭಾವದಿಂದಲೇ.

ಇನ್ನೊಂದು ಸಂಬಂಧವೂ ಉಂಟು. ಅನಾದಿಕಾಲದಲ್ಲಿ ಭಾರತದ ನೆಲವೂ ಪೂರ್ವ ಅಂಟಾರ್ಕ್ಟಿಕದ ನೆಲವೂ ಒಂದೇ ಭೂಖಂಡದ ಅಂಗಗಳಾಗಿದ್ದವು. ಆ ಮಹಾಖಂಡಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಗೊಂಡ್ವಾನ. ಮಧ್ಯಭಾರತದ ಗೊಂಡರ ನಾಡಿನ ಹೆಸರು. ಹಾಗೆಯೇ ಕನ್ನಡನಾಡಿನ ಪ್ರಾಚೀನ ಶಿಲೆಗಳಿಗೆ ರಾಬರ್ಟ್ ಬ್ರೂಸ್ ಫೂಟ್ ಅವರು ಧಾರವಾಡದ ಹೆಸರನ್ನಿಟ್ಟರು. ಅವುಗಳ ಒಂದು ವರ್ಗಕ್ಕೆ ಬಾಬಾಬುಡನ್ ಹೆಸರು ಬಂದಿತು. ಕಾಡಿನ ಜನರ, ಹಳ್ಳಿಯ ಜನರ ನಾಲಗೆಯ ಮೇಲಿದ್ದ ಹೆಸರುಗಳು ಇಂದು ಜಗತ್ತಿನ ವಿಶ್ವವಿದ್ಯಾಲಯಗಳಲ್ಲೆಲ್ಲ ಶಾಸ್ತ್ರಪದಗಳಾಗಿ ಸಲ್ಲುತ್ತಿವೆ.

ಒಂದು ಬೆಟ್ಟ, ಹಲವು ಹೆಸರು

ಒಂದೇ ಪರ್ವತಕ್ಕೆ ಹಲವು ಹೆಸರಿರುವುದು ಹೊಸತೇನಲ್ಲ. ನೇಪಾಳದವರಿಗೆ ಸಾಗರಮಾಥಾ, ಟಿಬೆಟ್ಟಿನವರಿಗೆ ಚೋಮೋಲುಂಗ್ಮಾ ಆಗಿರುವ ಶಿಖರವೇ ನಮ್ಮ ಪಠ್ಯಪುಸ್ತಕದ ಎವರೆಸ್ಟ್. ಅಂಟಾರ್ಕ್ಟಿಕದಲ್ಲಿಯೂ ಬೇರೆ ಬೇರೆ ದೇಶಗಳು ಒಂದೇ ಬೆಟ್ಟಕ್ಕೆ ಬೇರೆ ಬೇರೆ ಹೆಸರಿಟ್ಟಿರುವುದರಿಂದ, ಎಲ್ಲವನ್ನೂ ಒಟ್ಟುಗೂಡಿಸಿದ ಅಂತರರಾಷ್ಟ್ರೀಯ ನಾಮಕೋಶವೊಂದು ಏರ್ಪಟ್ಟಿದೆ. ಒಂದನ್ನು ಉಳಿಸಿ ಉಳಿದವನ್ನು ಅಳಿಸುವುದು ಅದರ ರೀತಿಯಲ್ಲ. ಎಲ್ಲವನ್ನೂ ಪಕ್ಕಪಕ್ಕದಲ್ಲಿ ಬರೆದಿಡುತ್ತದೆ.

ನಮ್ಮ ಶ್ರೇಣಿಗೂ ಚಂದ್ರದ್ರೋಣ, ಬಾಬಾಬುಡನ್‌ಗಿರಿ ಎಂಬ ಎರಡು ಹೆಸರುಗಳಿವೆ. ದತ್ತಾತ್ರೇಯ ಪೀಠವೆಂದೂ ಬಾಬಾಬುಡನ್ ದರ್ಗಾ ಎಂದೂ ಕರೆಯಲಾಗುವ ಗುಹೆಯನ್ನು ಹಿಂದೂಗಳೂ ಮುಸಲ್ಮಾನರೂ ಭಕ್ತಿಯಿಂದ ಕಾಣುತ್ತ ಬಂದಿದ್ದಾರೆ. ಅಲ್ಲಿನ ಪೂಜೆಯ ಹಕ್ಕುಬಾಧ್ಯತೆಗಳು ನ್ಯಾಯಾಲಯಗಳ ಮುಂದೆ ಹೋದ ವಿಷಯ. ಅವು ಈ ಲೇಖನದ ವ್ಯಾಪ್ತಿಗೆ ಸೇರಿದುವಲ್ಲ. ಹೆಸರಿನ ಮಟ್ಟಿಗೆ ಮಾತ್ರ ಭಾಷಾಭ್ಯಾಸಿಯೊಬ್ಬನು ಹೇಳಬಹುದಾದ ಮಾತುಂಟು. ಚಂದ್ರದ್ರೋಣವೆಂಬ ಹೆಸರು ಬೆಟ್ಟದ ಆಕೃತಿಯನ್ನು ಹೇಳುತ್ತದೆ. ಬಾಬಾಬುಡನ್‌ಗಿರಿಯೆಂಬ ಹೆಸರು, ೧೭ನೆಯ ಶತಮಾನದಲ್ಲಿ ಯೆಮೆನಿನ ಮೋಕಾದಿಂದ ಏಳು ಕಾಫಿಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂದು ಪ್ರತೀತಿಯುಳ್ಳ ಫಕೀರರನ್ನು ನೆನೆಯುತ್ತದೆ. ಇಂದು ಮಲೆನಾಡಿನ ಎಷ್ಟೋ ಸಂಸಾರಗಳು ಆ ಬೆಳೆಯನ್ನು ನಂಬಿ ಬದುಕುತ್ತಿವೆ. ಮುಳ್ಳಯ್ಯನಗಿರಿಯೆಂಬ ಹೆಸರು ತಪಸ್ವಿಯನ್ನು, ಕೆಮ್ಮಣ್ಣುಗುಂಡಿಯೆಂಬ ಹೆಸರು ಅದಿರನ್ನು ನೆನೆಯುತ್ತವೆ. ಒಂದೊಂದು ಹೆಸರೂ ಒಂದೊಂದು ತಿಳಿವಳಿಕೆಯ ಬೀಗದ ಕೈ. ಯಾವುದನ್ನು ಎಸೆದರೂ ಒಂದು ಕೋಣೆ ಮುಚ್ಚಿಹೋಗುತ್ತದೆ. ಒಂದು ಹೆಸರನ್ನು ಎತ್ತಿಹಿಡಿಯುವುದಕ್ಕೆ ಮತ್ತೊಂದನ್ನು ಒರೆಸಬೇಕಾದ ಅಗತ್ಯವಿಲ್ಲ. ಲಾಳದ ಅಂಚಿನಲ್ಲಿ ಇವೆಲ್ಲಕ್ಕೂ ಸ್ಥಳವಿದೆ.

ಶರಣರ ಪರಂಪರೆಯಲ್ಲಿ ಬೆಳೆದವರಿಗೆ ಇದನ್ನು ವಿಶೇಷವಾಗಿ ಹೇಳಬೇಕಾಗಿಲ್ಲ. ಬಸವಣ್ಣನವರ ಅಂಕಿತದಲ್ಲಿ ನದಿಗಳ ಸಂಗಮವೊಂದು ನೆಲಸಿದೆ. ನಮ್ಮ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮಪ್ರಭುವಿನ ಅಂಕಿತದಲ್ಲಿ ಗುಹೆಯಿದೆ. ಉಡುತಡಿಯ ಅಕ್ಕಮಹಾದೇವಿಯ ಅಂಕಿತದಲ್ಲಿ ಶ್ರೀಶೈಲದ ಮಲ್ಲಿಕಾರ್ಜುನನಿದ್ದಾನೆ. ಎಡೆಯ ಹೆಸರು ಅವರಲ್ಲಿ ಅನುಭಾವದ ಮುದ್ರೆಯಾಯಿತೇ ವಿನಾ ಒಡೆತನದ ಗುರುತಾಗಲಿಲ್ಲ.

ನಮ್ಮ ಕರ್ತವ್ಯ

ದೊಡ್ಡ ಶಿಖರಗಳ ಹೆಸರುಗಳಿಗೆ ಭಯವಿಲ್ಲ. ಭೂಪಟಗಳು ಅವನ್ನು ಕಾಯುತ್ತವೆ. ಅಪಾಯವಿರುವುದು ಸಣ್ಣ ಹೆಸರುಗಳಿಗೆ. ಪ್ರತಿಯೊಂದು ಹಳ್ಳಿಯ ಸುತ್ತಲೂ ಗುಡ್ಡ, ದಿಬ್ಬ, ಹಳ್ಳ, ಕಣಿವೆ, ಕಟ್ಟೆ, ಬಂಡೆಗಳಿಗೆ ಒಂದೊಂದು ಹೆಸರಿದೆ. ದನ ಕಾಯುವವರು, ಸೌದೆ ತರುವವರು, ಗದ್ದೆಗೆ ನೀರು ಕಟ್ಟುವವರು ಅವನ್ನು ಬಳಸಿ ಉಳಿಸಿದರು. ಅಂತಹ ಓಡಾಟ ಕಡಿಮೆಯಾದಂತೆ ಹೆಸರುಗಳೂ ಬಾಯಿಂದ ಮರೆಯಾಗುತ್ತಿವೆ. ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ನೆಲದ ಇಂತಹ ಹೆಸರುಗಳು ಅಲ್ಲಿಂದ ಎದ್ದು ಬಂದ ಮುದುಕರ ನೆನಪಿನಲ್ಲಿ ಮಾತ್ರ ಇವೆ. ಹಿಮದ ಕೆಳಗಿನ ಪರ್ವತವನ್ನು ಕಂಪನ ಅಳೆದು ಕಂಡುಹಿಡಿಯಬಹುದು; ನೀರಿನ ಕೆಳಗಿನ ಗುಡ್ಡದ ಹೆಸರನ್ನು ಅಳೆದು ತೆಗೆಯುವ ಯಂತ್ರವಿಲ್ಲ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇಸಗೆಯ ರಜೆಯಲ್ಲಿ ತನ್ನ ಊರಿನ ಹಿರಿಯರನ್ನು ಕೇಳಿ ಹತ್ತು ಸ್ಥಳನಾಮಗಳನ್ನು ಬರೆದು ತರಲಿ. ಹೆಸರನ್ನು ಹಿರಿಯರು ಉಚ್ಚರಿಸಿದಂತೆಯೇ ಬರೆಯಬೇಕು, ತಿದ್ದಿ ಸಂಸ್ಕೃತೀಕರಿಸಬಾರದು. ಹೇಳಿದವರ ವಯಸ್ಸು, ಬರೆದುಕೊಂಡ ದಿನ, ಸ್ಥಳದ ಗುರುತು ಇವಿಷ್ಟೂ ಇರಬೇಕು. ಹೆಸರಿಗೆ ಸಂಬಂಧಿಸಿದ ಕಥೆಯಿದ್ದರೆ ಅದನ್ನು ಬೇರೆಯಾಗಿ ಬರೆಯಬೇಕು. ತಮಗೆ ತೋಚಿದ ಅರ್ಥವನ್ನು ಅದರೊಡನೆ ಬೆರೆಸಬಾರದು. ಇಂತಹ ಪುಸ್ತಕವೊಂದನ್ನು ಶಾಲೆಯ ಗ್ರಂಥಭಂಡಾರದಲ್ಲಿ ಇಟ್ಟು ವರ್ಷವರ್ಷವೂ ಬೆಳೆಸಿದರೆ, ಕೆಲವೇ ವರ್ಷಗಳಲ್ಲಿ ಅದು ಯಾವ ವಿದ್ವಾಂಸನೂ ಒಬ್ಬನೇ ಕೂಡಿಸಲಾರದ ಸಂಪತ್ತಾಗುತ್ತದೆ. ದೂರದ ಊರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಬಾಲ್ಯದಲ್ಲಿ ಕೇಳಿದ ಹೆಸರುಗಳನ್ನು ಪತ್ರಮುಖೇನ ತಿಳಿಸಬಹುದು. ಕಟ್ಟಡಗಳಿಗೆ ಉದಾರವಾಗಿ ನೀಡಿದ ದಾನಿಗಳು ಮುಂದೊಂದು ದಿನ ಈ ನಾಮಕೋಶದ ಮುದ್ರಣಕ್ಕೂ ಕೈನೀಡಿದರೆ ಅದೂ ವಿದ್ಯಾದಾನವೇ.

ಹಿಮಖಂಡದ ಬೆಟ್ಟಗಳಿಗೆ ಹೆಸರು ಹುಡುಕಲು ದೇಶದೇಶಗಳ ಸಮಿತಿಗಳು ಕುಳಿತು ಆಲೋಚಿಸುತ್ತವೆ. ನಮ್ಮ ಬೆಟ್ಟಗಳಿಗೆ ಹೆಸರು ಹುಡುಕಬೇಕಾಗಿಲ್ಲ, ಹಿರಿಯರು ಇಟ್ಟುಹೋಗಿದ್ದಾರೆ. ಕೇಳಿ ಬರೆದಿಡುವ ಕೆಲಸವೊಂದೇ ನಮ್ಮ ಪಾಲಿಗೆ ಉಳಿದಿರುವುದು. ಹೇಳುವ ಹಿರಿಯರು ಇರುವಾಗಲೇ ಅದು ಆಗಬೇಕು.